ಸ್ವೆಟರ್ ತಿನ್ನುವ ಬೆಕ್ಕು ಮತ್ತು ಮುಲ್ತಾನಿ ಮಿಟ್ಟಿ

ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡು, ಶೂ ಲೇಸು, ಹೊಲಿಗೆ ದಾರ, ಇಯರ್‌ಫೋನ್ ತುದಿಯ ರಬ್ಬರ್ ಬಡ್ಡು, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಯೋಗ ಮ್ಯಾಟಿನ ಅಂಚು, ಅಜ್ಜಿ ಹೆಣೆದ ಉಲ್ಲನ್ ಸ್ವೆಟರಿನ ಒಂದು ತೋಳು. ಮನೆ ಖಾಲಿ ಮಾಡುವಾಗ ಸೋಫಾ ಕೆಳಗೆ ಸಿಕ್ಕ ಸಾಮಾನಿನ ಪಟ್ಟಿ ಅಲ್ಲ ಇದು. ಫ್ಲಾಟಿನಲ್ಲಿ ಬೆಕ್ಕು ಸಾಕಿರೋ ನಾಲ್ಕು ಜನ ಒಂದು ಕಡೆ ಸೇರಿದರೆ 'ನಮ್ಮದು ಏನೇನು ತಿಂದಿದೆ ಗೊತ್ತಾ?' ಅಂತ ಮಾತು ಶುರುವಾಗುತ್ತಲ್ಲ, ಆ ಮಾತಿನಲ್ಲಿ ಬರುವ ಐಟಮ್ಮುಗಳು. ಎಲ್ಲರೂ ನಗ್ತಾರೆ. ಒಬ್ಬರು ಮಾತ್ರ ನಗೋದಿಲ್ಲ. ಅವರ ಬೆಕ್ಕಿಗೆ ಆಪರೇಷನ್ ಆಗಿರುತ್ತೆ.

ಇಲಿ ಹಿಡಿಯೋ ಪ್ರಾಣಿ ಸ್ವೆಟರ್ ಯಾಕೆ ತಿನ್ನುತ್ತೆ? 'ಅದಕ್ಕೆ ಕೊಬ್ಬು' ಅನ್ನೋದು ಸುಲಭದ ಉತ್ತರ. 'ಪಾಪ, ಬೋರ್ ಆಗಿದೆ' ಅನ್ನೋದು ಅದಕ್ಕಿಂತ ಸ್ವಲ್ಪ ಮರ್ಯಾದಸ್ಥ ಉತ್ತರ. ನಮ್ಮ ಕಸುಬಿನಲ್ಲಿ ಬೇರೆ ಒಂದು ಅಭ್ಯಾಸ ಇದೆ. ವರ್ಷಗಟ್ಟಲೆ ನೆಟ್ಟಗೆ ಓಡುತ್ತಿದ್ದ ಸಿಸ್ಟಮ್ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಆಡೋಕೆ ಶುರುಮಾಡಿದರೆ ಮೊದಲು ಕೋಡನ್ನು ಬೈಯಲ್ಲ. 'ಇತ್ತೀಚೆಗೆ ಏನೇನು ಬದಲಾಯ್ತು?' ಅಂತ ಕೇಳ್ತೀವಿ. ಬೆಕ್ಕಿನ ವಿಷಯದಲ್ಲೂ ಅದನ್ನೇ ಕೇಳಿ ನೋಡೋಣ. ಉತ್ತರ ಹುಡುಕಿಕೊಂಡು ಸೈಪ್ರಸ್, ಲಂಡನ್, ಅಮೆರಿಕಾ, ಬ್ಯಾಂಕಾಕ್ ಅಂತ ಸುತ್ತಬೇಕಾಗುತ್ತೆ. ಸುತ್ತೋಣ.

ಮೊದಲು ಎಲ್ಲಕ್ಕಿಂತ ಹಳೆಯ ಲಾಗ್. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬ ಜಾಗದಲ್ಲಿ ಸಿಕ್ಕ ಒಂದು ಸಮಾಧಿಯ ಬಗ್ಗೆ ಫ್ರಾನ್ಸಿನ ಪುರಾತತ್ವಜ್ಞರು 2004ರಲ್ಲಿ ಬರೆದರು. ಸಮಾಧಿಗೆ ಸುಮಾರು 9500 ವರ್ಷ. ಒಬ್ಬ ಮನುಷ್ಯನ ಅಸ್ಥಿಪಂಜರ. ಅದರಿಂದ ಮೊಳಕ್ಕೂ ಕಡಿಮೆ ದೂರದಲ್ಲಿ ಅದೇ ಕಾಲದಲ್ಲಿ ಹೂಳಿದ ಒಂದು ಬೆಕ್ಕು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ. ಅಂದಮೇಲೆ ಯಾರೋ ಅದನ್ನು ದೋಣಿಯಲ್ಲಿ ಹಾಕಿಕೊಂಡು ಸಮುದ್ರ ದಾಟಿಸಿದ್ದಾರೆ. ಇವತ್ತಿನ ಎಲ್ಲ ಮನೆಬೆಕ್ಕುಗಳ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕು ಅಂತ ಡಿಎನ್ಎ ಪರೀಕ್ಷೆಗಳೂ ಹೇಳ್ತಾವೆ.

ಹೇಗೆ ಜೊತೆಯಾಯ್ತು ಅನ್ನೋದನ್ನು ಊಹಿಸೋದು ರೈತರ ಮನೆಯಲ್ಲಿ ಬೆಳೆದವರಿಗೆ ಕಷ್ಟ ಇಲ್ಲ. ಬೆಳೆ ಬಂತು, ಕಣಜ ತುಂಬಿತು. ಕಣಜ ತುಂಬಿದ ಮೇಲೆ ಇಲಿ ಬಂತು. ಇಲಿ ಹಿಂದೆ ಬೆಕ್ಕು ಬಂತು. ಯಾರೂ ಕರೆಯಲಿಲ್ಲ, ಯಾರೂ ಓಡಿಸಲೂ ಇಲ್ಲ. ದನಕ್ಕೆ ನೊಗ ಹೂಡಿದ್ವಿ, ನಾಯಿಗೆ ಕಾವಲು ಕಲಿಸಿದ್ವಿ. ಬೆಕ್ಕಿಗೆ ಯಾರೂ ಏನೂ ಕಲಿಸಲಿಲ್ಲ. ಅದು ಕಾಡಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ನಮ್ಮ ಅಟ್ಟದ ಮೇಲೆ ಮಾಡಿತು, ಅಷ್ಟೆ.

ಈ ಸಂಬಂಧದ ಗುಟ್ಟು ನಮ್ಮೂರಿನ ಮಾತಿನಲ್ಲೇ ಇದೆ. ನಮ್ಮ ಕಡೆ ನಾಯಿ 'ಸಾಕ್ತಾರೆ', ಬೆಕ್ಕು 'ಇರುತ್ತೆ'. 'ನಿಮ್ಮನೇಲಿ ಬೆಕ್ಕು ಇದೆಯಾ?' ಅಂತಲೇ ಕೇಳೋದು. ಬೆಳಿಗ್ಗೆ ಒಲೆಯ ಪಕ್ಕದ ಬೆಚ್ಚಗಿನ ಬೂದಿಯಲ್ಲಿ ಮಲಗಿರುತ್ತೆ, ಮಧ್ಯಾಹ್ನ ಹುಲ್ಲಿನ ಮೆದೆಯ ಮೇಲೆ, ರಾತ್ರಿ ಎಲ್ಲಿರುತ್ತೋ ಯಾರಿಗೂ ಗೊತ್ತಿಲ್ಲ. ಒಂದು ಹಿಡಿ ಹಾಲನ್ನ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿದ ಊಟವನ್ನು ಅದೇ ದುಡಿದುಕೊಳ್ಳುತ್ತೆ: ಕಾದು ಕೂತು, ಹಾರಿ ಹಿಡಿದು, ಚರ್ಮ ಹರಿದು, ಮೂಳೆ ಸಮೇತ ಅಗಿದು. ಅದರ ಒಂದು ದಿನ ಅಂದರೆ ಇಂಥ ಹಲವಾರು ಸಣ್ಣ ಬೇಟೆಗಳು. ಮುಖ್ಯವಾದ ಮಾತು ಏನಂದ್ರೆ, ಬಾಗಿಲು ಹಾಕುತ್ತಿದ್ದದ್ದು ನಮಗಾಗಿ. ಬೆಕ್ಕಿಗೆ ಹೆಂಚಿನ ಸಂದಿ ಸಾಕಾಗಿತ್ತು.

ಪಟ್ಟಣದಲ್ಲೂ ಬಹಳ ಕಾಲ ಹೀಗೇ ಇತ್ತು. 19ನೇ ಶತಮಾನದ ಲಂಡನ್ನಿನಲ್ಲಿ ಬೆಕ್ಕಿನ ಮಾಂಸ ಮಾರುವವರು ಅಂತಲೇ ಒಂದು ಕಸುಬಿನವರಿದ್ದರು. ಬೇಯಿಸಿದ ಕುದುರೆ ಮಾಂಸದ ಚೂರುಗಳನ್ನು ಕಡ್ಡಿಗೆ ಚುಚ್ಚಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಬಡವರ ಬದುಕನ್ನು ದಾಖಲಿಸಿದ ಪತ್ರಕರ್ತ ಹೆನ್ರಿ ಮೇಹ್ಯೂ ಆ ಶತಮಾನದ ನಡುವಿನಲ್ಲಿ ಇವರ ಬಗ್ಗೆಯೂ ಬರೆದಿದ್ದಾನೆ. ಅಂದರೆ ಮನೆಯವರು ದುಡ್ಡು ಕೊಟ್ಟು ಬೆಕ್ಕಿಗೆ ಊಟ ಹಾಕೋದು ಆಗಲೇ ಶುರುವಾಗಿತ್ತು. ಆದರೂ ಹೆಚ್ಚಿನ ಬೆಕ್ಕುಗಳು ರಾತ್ರಿ ಹೊರಗೇ ಹೋಗುತ್ತಿದ್ದವು. ಹೋಗಲೇಬೇಕಿತ್ತು. ಯಾಕೆಂದರೆ ಒಳಗೆ ಇಟ್ಟುಕೊಂಡರೆ ಒಂದು ದೊಡ್ಡ ಸಮಸ್ಯೆ: ವಾಸನೆ. ಬೆಕ್ಕಿನ ಪೂರ್ವಿಕರು ಒಣ ಸೀಮೆಯವರು. ನೀರು ಉಳಿಸೋಕೆ ಮೂತ್ರವನ್ನು ಗಟ್ಟಿ ಮಾಡುವ ಮೂತ್ರಪಿಂಡ ಅವಕ್ಕೆ. ಆ ಗಾಟನ್ನು ಮುಚ್ಚಿದ ಮನೆಯೊಳಗೆ ತಡೆಯೋದು ಹುಡುಗಾಟ ಅಲ್ಲ. ಡಬ್ಬಿಯಲ್ಲಿ ಮರಳು ಹಾಕಿಡುತ್ತಿದ್ದರು, ಒಲೆಯ ಬೂದಿ ಹಾಕಿಡುತ್ತಿದ್ದರು. ಮರಳು ವಾಸನೆ ಹೀರಲ್ಲ, ಬೂದಿ ಮನೆ ತುಂಬ ಕಪ್ಪು ಹೆಜ್ಜೆ.

ಇಲ್ಲಿ ಬರುತ್ತೆ ಮುಲ್ತಾನಿ ಮಿಟ್ಟಿ.

1947ರ ಜನವರಿ. ನಮ್ಮ ದೇಶ ಸ್ವಾತಂತ್ರ್ಯಕ್ಕೆ ಕಾಯುತ್ತಿದ್ದ ಆ ಚಳಿಗಾಲದಲ್ಲಿ ಅಮೆರಿಕಾದ ಮಿಶಿಗನ್ ರಾಜ್ಯದ ಕಸೋಪೊಲಿಸ್ ಅನ್ನೋ ಸಣ್ಣ ಊರಿನಲ್ಲಿ ಒಬ್ಬಾಕೆಯ ಮರಳಿನ ರಾಶಿ ಹೆಪ್ಪುಗಟ್ಟಿ ಕಲ್ಲಾಗಿತ್ತು. ಬೆಕ್ಕಿನ ಡಬ್ಬಿಗೆ ಬೂದಿ ಹಾಕಿ ಹಾಕಿ ನೆಲವೆಲ್ಲ ಹೊಲಸಾಗಿತ್ತು. ಆಕೆ ಪಕ್ಕದ ಎಡ್ವರ್ಡ್ ಲೋ ಎಂಬುವನ ಹತ್ತಿರ ಸ್ವಲ್ಪ ಮರಳು ಕೇಳಿದಳು. ಲೋ ನೌಕಾಪಡೆಯಿಂದ ವಾಪಸ್ ಬಂದು ಅಪ್ಪನ ವ್ಯಾಪಾರಕ್ಕೆ ಕೈಜೋಡಿಸಿದ್ದವನು. ಕಾರ್ಖಾನೆಯ ನೆಲದ ಮೇಲೆ ಚೆಲ್ಲಿದ ಎಣ್ಣೆ, ಗ್ರೀಸು ಹೀರಿಕೊಳ್ಳುವ ಪದಾರ್ಥಗಳನ್ನು ಮಾರುವ ವ್ಯಾಪಾರ ಅದು. ಅವನ ಹತ್ತಿರ ಫುಲ್ಲರ್ಸ್ ಅರ್ಥ್ ಎಂಬ ಜೇಡಿಮಣ್ಣಿನ ಹರಳುಗಳಿದ್ದವು. ನಾವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಇದೆಯಲ್ಲ, ಅದೇ ಕುಲದ ಮಣ್ಣು. 'ಮರಳು ಬೇಡ, ಇದನ್ನು ಹಾಕಿ ನೋಡಿ' ಅಂತ ಕೊಟ್ಟ. ಸ್ವಲ್ಪ ದಿನದಲ್ಲೇ ಆಕೆ ಮತ್ತೆ ಬಂದಳು, ಇನ್ನಷ್ಟು ಬೇಕು ಅಂತ.

ಲೋ ಹತ್ತು ಚೀಲ ತುಂಬಿಸಿದ. ಒಂದೊಂದರಲ್ಲಿ ಐದು ಪೌಂಡು, ಮೇಲೆ ಕೈಯಲ್ಲೇ 'ಕಿಟ್ಟಿ ಲಿಟರ್' ಅಂತ ಬರೆದು, ಬೆಲೆ 65 ಸೆಂಟು ಅಂದ. ಪುಕ್ಕಟೆ ಅನ್ನುವಷ್ಟು ಅಗ್ಗಕ್ಕೆ ಮರಳು ಸಿಗುವಾಗ ಮಣ್ಣಿಗೆ ಯಾರಪ್ಪ ಅಷ್ಟು ಕೊಡ್ತಾರೆ ಅಂತ ಅಂಗಡಿಯವನಿಗೆ ಅನುಮಾನ. 'ಹಾಗಾದರೆ ಸುಮ್ನೆ ಹಂಚಿಬಿಡು' ಅಂದ ಲೋ. ಹಂಚಿದ್ದು ಮುಗಿದ ಮೇಲೆ ಜನ ದುಡ್ಡು ಕೊಟ್ಟೇ ಕೇಳಿಕೊಂಡು ಬಂದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಫ್ರೀ ಟ್ರಯಲ್. 1990ರಲ್ಲಿ ಅವನು ಈ ವ್ಯಾಪಾರ ಮಾರಿದಾಗ ಬಂದದ್ದು ಸುಮಾರು 20 ಕೋಟಿ ಡಾಲರ್. ಅಷ್ಟರಲ್ಲಿ, 1980ರ ದಶಕದಲ್ಲಿ, ಒದ್ದೆಯಾದರೆ ಗಟ್ಟಿ ಉಂಡೆಯಾಗುವ ಬೆಂಟೊನೈಟ್ ಮಣ್ಣಿನ ಲಿಟರ್ ಕೂಡ ಬಂದಿತ್ತು. ನಮ್ಮ ಕಛ್‌ನಲ್ಲೂ ಈ ಬೆಂಟೊನೈಟ್ ಧಾರಾಳವಾಗಿ ಸಿಗುತ್ತೆ.

ಮಣ್ಣು ಒಂದೇ ಎಲ್ಲವನ್ನೂ ಮಾಡಲಿಲ್ಲ, ನಿಜ. ಫ್ರಿಜ್ಜು ಬಂತು, ಡಬ್ಬಿಯ ಮತ್ತು ಚೀಲದ ಬೆಕ್ಕಿನಾಹಾರ ಬಂತು, ಸಂತಾನಹರಣ ಚಿಕಿತ್ಸೆ ಸಾಮಾನ್ಯವಾಯ್ತು. ರಸ್ತೆಯಲ್ಲಿ ಕಾರುಗಳು ಜಾಸ್ತಿಯಾದವು, ಮನೆಗಳು ಒಂದರ ಮೇಲೊಂದು ಏರಿದವು. ಆದರೆ ವಾಸನೆಯ ಸಮಸ್ಯೆ ಬಗೆಹರಿಯದೆ ಹುಟ್ಟಿನಿಂದ ಸಾಯುವವರೆಗೂ ಹೊರಗೆ ಕಾಲಿಡದ ಬೆಕ್ಕು ಅನ್ನೋದು ಕೋಟಿಗಟ್ಟಲೆ ಮನೆಗಳಲ್ಲಿ ಸಾಧ್ಯವೇ ಇರಲಿಲ್ಲ. ಲೆಕ್ಕ ಹಾಕಿ ನೋಡಿ. ಮನುಷ್ಯನ ಜೊತೆ 9500 ವರ್ಷ. ಮನುಷ್ಯನ ಬಾಗಿಲಿನ ಒಳಗೆ, ಚಿಲಕ ಹಾಕಿಕೊಂಡು, ಇನ್ನೂ ನೂರು ವರ್ಷವೂ ಆಗಿಲ್ಲ. ಅಜ್ಜಿಯ ಕಾಲದಲ್ಲಿ ಆದ ಬದಲಾವಣೆ ಇದು. ಬೆಕ್ಕಿನ ಮೈ ಇನ್ನೂ ಹಳೆಯ ವರ್ಷನ್ನಿನಲ್ಲೇ ಓಡ್ತಾ ಇದೆ.

ಹೀಗೆ ಒಳಗೆ ತಂದಾಗ ಏನೇನು ಕಳೆದುಹೋಯ್ತು ಅನ್ನೋದು ತಕ್ಷಣ ಯಾರಿಗೂ ಗೊತ್ತಾಗಲಿಲ್ಲ. ಮೊದಲು ಗೊತ್ತಾಗಿದ್ದು ಇಲಿಯೊಳಗೆ ಏನಿತ್ತು ಅನ್ನೋದು. ಟಾರೀನ್ ಅಂತ ಒಂದು ಪದಾರ್ಥ ಇದೆ. ಮಾಂಸದಲ್ಲಿ ಹೇರಳ, ಕಾಳುಬೇಳೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನಾಯಿಗಳು ಸಾಮಾನ್ಯವಾಗಿ ಬೇಕಾದಷ್ಟನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಬೆಕ್ಕಿಗೆ ಅದು ಆಗಲ್ಲ. ಇಲಿ ತಿನ್ನುವ ತನಕ ಅದರ ಅಗತ್ಯವೂ ಇರಲಿಲ್ಲ. ಟಾರೀನ್ ಸಾಲದ ಆಹಾರ ತಿಂದ ಬೆಕ್ಕುಗಳ ಕಣ್ಣಿನ ಅಕ್ಷಿಪಟಲ ಹಾಳಾಗುತ್ತೆ ಅಂತ 1975ರಲ್ಲಿ ಗೊತ್ತಾಯ್ತು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೂ ದೊಡ್ಡ ಸುದ್ದಿ ತಂದರು. ಪ್ಯಾಕೆಟ್ ಆಹಾರ ತಿಂದೇ ಬೆಳೆದ ಬೆಕ್ಕುಗಳ ಹೃದಯ ಊದಿಕೊಂಡು ಸೋಲುತ್ತಿದ್ದದ್ದಕ್ಕೆ ಇದೇ ಕೊರತೆ ಕಾರಣ, ಟಾರೀನ್ ಕೊಟ್ಟರೆ ಹೃದಯ ಮತ್ತೆ ಸುಧಾರಿಸುತ್ತೆ ಅಂತ. ಆಹಾರ ತಯಾರಿಸುವವರು ಟಾರೀನ್ ಪ್ರಮಾಣ ಹೆಚ್ಚಿಸಿದರು, ಕಾಯಿಲೆ ಅಪರೂಪವಾಯ್ತು.

ಇದು ಒಳ್ಳೆಯ ಕಥೆ. ಕಳೆದದ್ದು ಏನು ಅಂತ ಗೊತ್ತಾಯ್ತು, ಪುಡಿ ಮಾಡಿ ಚೀಲಕ್ಕೆ ಸೇರಿಸಿದ್ವಿ. ಆದರೆ ಇಲಿಯ ಜೊತೆ ಇನ್ನೂ ಕೆಲವು ಹೋಗಿದ್ದವು: ಕಾಯೋದು, ಹಿಡಿಯೋದು, ಕೂದಲು ಕೀಳೋದು, ಹರಿಯೋದು, ಅಗಿಯೋದು. ಇದನ್ನು ಪುಡಿ ಮಾಡಿ ಸೇರಿಸೋಕೆ ಬರಲ್ಲ. ಬಟ್ಟಲಿನ ಹರಳುಗಳು ಎರಡು ನಿಮಿಷದಲ್ಲಿ ಖಾಲಿ. ಉಳಿದ ದಿನವೆಲ್ಲ ಬಾಯಿಗೂ ಉಗುರಿಗೂ ಕೆಲಸ ಇಲ್ಲ.

ಹಾಗಂತ 'ಬೋರ್ ಆಗಿ ತಿನ್ನುತ್ತೆ' ಅಂತ ಇಲ್ಲಿಗೇ ಟಿಕೆಟ್ ಕ್ಲೋಸ್ ಮಾಡೋಕೆ ಆಗಲ್ಲ. ಸ್ವೆಟರಿನ ಕಥೆಗೆ ಇನ್ನೊಂದು ಎಳೆ ಇದೆ, ಅದು ಬ್ಯಾಂಕಾಕಿನಿಂದ ಬರುತ್ತೆ.

1878ರ ನವೆಂಬರಿನಲ್ಲಿ ಬ್ಯಾಂಕಾಕಿನಲ್ಲಿದ್ದ ಅಮೆರಿಕಾದ ರಾಜತಾಂತ್ರಿಕ ಡೇವಿಡ್ ಸಿಕಲ್ಸ್, ಅಧ್ಯಕ್ಷ ರುದರ್‌ಫರ್ಡ್ ಹೇಯ್ಸ್ ಅವರ ಪತ್ನಿ ಲೂಸಿ ಹೇಯ್ಸ್‌ಗೆ ಒಂದು ಪತ್ರ ಬರೆದ. ಸಿಕ್ಕಿದ್ದರಲ್ಲೇ ಚೆನ್ನಾಗಿರುವ ಒಂದು ಸಯಾಮಿ ಬೆಕ್ಕನ್ನು ಹಡಗಿನಲ್ಲಿ ಕಳಿಸಿದ್ದೇನೆ, ಅಮೆರಿಕಾಕ್ಕೆ ಇಂಥ ಬೆಕ್ಕು ಬರುತ್ತಿರುವುದು ಇದೇ ಮೊದಲ ಸಲ ಇರಬೇಕು ಅನ್ನೋದು ಅದರ ಸಾರಾಂಶ. ಬೆಕ್ಕು ಹಾಂಗ್‌ಕಾಂಗ್, ಸ್ಯಾನ್ ಫ್ರಾನ್ಸಿಸ್ಕೊ ದಾಟಿ ಶ್ವೇತಭವನ ಸೇರಿತು. 'ಸಯಾಮ್' ಅಂತಲೇ ಹೆಸರಿಟ್ಟರು. ವರ್ಷ ತಿರುಗುವ ಮೊದಲೇ, 1879ರಲ್ಲಿ, ಕಾಯಿಲೆ ಬಿದ್ದು ಸತ್ತಿತು. ಅತ್ತ ಇಂಗ್ಲೆಂಡಿನಲ್ಲಿ 1871ರ ಜುಲೈ 13ರಂದು ಹ್ಯಾರಿಸನ್ ವಿಯರ್ ಎಂಬ ಕಲಾವಿದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದ್ದ. ಬೆಕ್ಕು ಅಂದರೆ ಇಲಿ ಹಿಡಿಯೋದು ಅಂದುಕೊಂಡಿದ್ದವರಿಗೆ, ಬೆಕ್ಕು ನೋಡೋದಕ್ಕೂ ಇರುತ್ತೆ ಅಂತ ಹೊಸದಾಗಿ ಗೊತ್ತಾದ ಕಾಲ. 1880ರ ದಶಕದಲ್ಲಿ ಬ್ಯಾಂಕಾಕಿನಿಂದ ಬಂದ ಸಯಾಮಿ ಜೋಡಿಯ ಮರಿಗಳು ಇಂಥ ಪ್ರದರ್ಶನಗಳಲ್ಲಿ ಗೆದ್ದವು. ನೀಲಿ ಕಣ್ಣು, ತೆಳು ಕೆನೆ ಬಣ್ಣದ ಮೈ, ಮಸಿ ಮೆತ್ತಿದಂಥ ಮುಖ. ಯಾರಿಗೆ ಬೇಡ?

ಆದರೆ ಹಡಗಿನಲ್ಲಿ ಎಷ್ಟು ಬೆಕ್ಕು ಬರೋಕೆ ಸಾಧ್ಯ? ಬಂದ ಕೆಲವೇ ಬೆಕ್ಕುಗಳ ಸಂತಾನವನ್ನು ಅದರದರೊಳಗೇ ಕೂಡಿಸಿ ತಳಿ ಬೆಳೆಸಿದರು. 1930ರಲ್ಲಿ ಜೋಸೆಫ್ ಥಾಮ್ಸನ್ ಎಂಬ ವೈದ್ಯ ಸ್ಯಾನ್ ಫ್ರಾನ್ಸಿಸ್ಕೊಗೆ ಬರ್ಮಾದ ಒಂದು ಕಂದು ಹೆಣ್ಣು ಬೆಕ್ಕು ತಂದ. ಹೆಸರು ವಾಂಗ್ ಮಾವ್. ಅದಕ್ಕೆ ಅದರದೇ ಜಾತಿಯ ಜೋಡಿ ಅಲ್ಲಿ ಸಿಗಲಿಲ್ಲ ಅಂತ ಒಂದು ಸಯಾಮಿ ಗಂಡಿನ ಜೊತೆ ಕೂಡಿಸಿದರು. ಇವತ್ತಿನ ಬರ್ಮೀಸ್ ತಳಿ ಶುರುವಾದದ್ದು ಅಲ್ಲಿಂದ. ಅಂದರೆ ಬರ್ಮೀಸ್ ಬೆಕ್ಕಿಗೆ ಸಯಾಮಿ ಬೆಕ್ಕು ರಕ್ತ ಸಂಬಂಧಿ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಸಯಾಮಿ ಸಾಕಿದವರ ನಡುವೆ ಕಳೆದ ಶತಮಾನದಲ್ಲಿ ಒಂದು ವಿಚಿತ್ರ ದೂರು ಹಬ್ಬಿತ್ತು: ನಮ್ಮ ಬೆಕ್ಕು ಉಣ್ಣೆ ತಿನ್ನುತ್ತೆ. ಚೀಪೋದಲ್ಲ, ದವಡೆಯಲ್ಲಿ ಕತ್ತರಿಸಿ ನುಂಗೋದು. ತಿನ್ನಬಾರದ್ದನ್ನು ತಿನ್ನುವ ಈ ಚಾಳಿಗೆ ವೈದ್ಯರು ಇಟ್ಟ ಹೆಸರು ಪೈಕಾ. ಕಂಡದ್ದನ್ನೆಲ್ಲ ಹೆಕ್ಕುವ ಮ್ಯಾಗ್‌ಪೈ ಹಕ್ಕಿಯ ಲ್ಯಾಟಿನ್ ಹೆಸರು ಅದು. 1997ರಲ್ಲಿ ಬ್ರಿಟನ್ನಿನ ಜಾನ್ ಬ್ರಾಡ್‌ಶಾ, ಪೀಟರ್ ನೆವಿಲ್ ಮತ್ತು ಸಂಗಡಿಗರು ಬಟ್ಟೆ ತಿನ್ನುವ 152 ಬೆಕ್ಕುಗಳ ಮಾಹಿತಿ ಸೇರಿಸಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಸಯಾಮಿ. ಕಾಲು ಭಾಗಕ್ಕಿಂತ ಹೆಚ್ಚು ಬರ್ಮೀಸ್. ಮೆನುವಿನಲ್ಲಿ ಮೊದಲ ಸ್ಥಾನ ಉಣ್ಣೆಗೆ, ಆಮೇಲೆ ಹತ್ತಿ, ಆಮೇಲೆ ಸಿಂಥೆಟಿಕ್. ಬೋರ್ ಆಗೋದು ಎಲ್ಲ ತಳಿಗೂ ಆಗುತ್ತೆ ತಾನೇ? ಎರಡು ನೆಂಟಸ್ತಿಕೆಯ ತಳಿಗಳೇ ಇಷ್ಟೊಂದು ಇದ್ದರೆ, ವಂಶದಲ್ಲಿ ಏನೋ ಬಂದಿದೆ ಅಂತಲೇ ಅನುಮಾನ ಪಡಬೇಕು. ನೀಲಿ ಕಣ್ಣಿಗಾಗಿ ಆರಿಸಿದ್ವಿ. ಅದರ ಜೊತೆಗೆ ಏನೇನು ಬಂತೋ ನೋಡಲಿಲ್ಲ.

ಇನ್ನೊಂದು ಎಳೆ ತಾಯಿಯದು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತ ನಮ್ಮ ಕಡೆ ಮಾತಿದೆ. ಬಾಯಲ್ಲಿ ಕಚ್ಚಿಕೊಂಡು ಈ ಅಟ್ಟದಿಂದ ಆ ಅಟ್ಟಕ್ಕೆ ಸಾಗಿಸುತ್ತಾ, ಮರಿಗಳು ದೊಡ್ಡವಾಗುವ ತನಕ ಜೊತೆಗೇ ಇರುತ್ತೆ. ಪೇಟೆಯಲ್ಲಿ ಮರಿಯನ್ನು ಇನ್ನೂ ಕಣ್ಣು ನೀಲಿ ಇರುವಾಗಲೇ ರಟ್ಟಿನ ಪೆಟ್ಟಿಗೆಗೆ ಹಾಕಿ ಹೊಸ ಮನೆಗೆ ಕೊಟ್ಟುಬಿಡ್ತಾರೆ. ಅಮೆರಿಕಾದ ಟಫ್ಟ್ಸ್ ವಿಶ್ವವಿದ್ಯಾಲಯದವರು 2015ರಲ್ಲಿ ಸಯಾಮಿ ಮತ್ತು ಬಿರ್ಮನ್ ಎಂಬ ಎರಡು ತಳಿಗಳ 204 ಬೆಕ್ಕುಗಳನ್ನು ಹೋಲಿಸಿ ನೋಡಿದರು. ಬಿರ್ಮನ್ ಬೆಕ್ಕುಗಳಲ್ಲಿ ಬೇಗ ತಾಯಿ ಹಾಲು ಬಿಡಿಸಿದವಕ್ಕೆ ಉಣ್ಣೆ ಚೀಪುವ ಚಟ ಹೆಚ್ಚು. ಸಯಾಮಿಗಳಲ್ಲಿ ಬೇರೆ ಏನಾದರೂ ಕಾಯಿಲೆ ಇದ್ದವಕ್ಕೆ ಹೆಚ್ಚು. 2017ರಲ್ಲಿ ಫಿನ್‌ಲ್ಯಾಂಡಿನ ದೊಡ್ಡ ಸಮೀಕ್ಷೆಯೊಂದು, ಎಂಟು ವಾರಕ್ಕೆ ಮುಂಚೆ ತಾಯಿ ಬಿಟ್ಟ ಮರಿಗಳು ಮುಂದೆ ಹೆಚ್ಚು ಸಿಡುಕಾಗಿರ್ತವೆ ಅಂತ ಹೇಳಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನೀಟಾಗಿರ್ತಿತ್ತು. ಆದರೆ 2016ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು ಸಾಮಾನ್ಯ ಮನೆಗಳ ಬೆಕ್ಕುಗಳನ್ನು ನೋಡಿದಾಗ ಬೇರೆಯದೇ ಚಿತ್ರ ಸಿಕ್ಕಿತು. ಅಲ್ಲಿ ಮೆನುವಿನ ಮೇಲುಸ್ಥಾನದಲ್ಲಿ ಶೂ ಲೇಸು ಮತ್ತು ದಾರ, ಆಮೇಲೆ ಪ್ಲಾಸ್ಟಿಕ್, ಆಮೇಲೆ ಬಟ್ಟೆ. ಮನೆಯ ವಾತಾವರಣ ಸರಿಯಿಲ್ಲದ್ದು, ಬೇಗ ತಾಯಿ ಬಿಡಿಸಿದ್ದು — ಇವು ನಾವು ಅಂದುಕೊಂಡಷ್ಟು ದೊಡ್ಡ ಕಾರಣ ಇರಲಿಕ್ಕಿಲ್ಲ ಅಂದರು ಅವರು. ಎದ್ದು ಕಂಡದ್ದು ಎರಡು ವಿಷಯ. ಇಂಥ ಬೆಕ್ಕುಗಳು ಬೇರೆಯವಕ್ಕಿಂತ ಹೆಚ್ಚು ವಾಂತಿ ಮಾಡುತ್ತಿದ್ದವು. ದಿನವಿಡೀ ಬಟ್ಟಲಲ್ಲಿ ಊಟ ಇರುವ ವ್ಯವಸ್ಥೆ ಅವುಗಳ ಮನೆಯಲ್ಲಿ ಕಡಿಮೆ ಇತ್ತು. ಅಂದರೆ ತಲೆ ಕೆಟ್ಟಿದೆ ಅಂತ ಷರಾ ಬರೆಯೋ ಮುಂಚೆ ಹೊಟ್ಟೆ ಪರೀಕ್ಷೆ ಮಾಡಿಸಬೇಕು.

ಈ ಮಾತು ನಮಗೆ ಹೊಸದೇನಲ್ಲ. ಬಳಪ ತಿನ್ನುವ ಹುಡುಗಿಯನ್ನೋ ಮಣ್ಣು ತಿನ್ನುವ ಬಸುರಿಯನ್ನೋ ನೋಡದ ಊರಿಲ್ಲ. ಬೈದರೆ ಬಿಡಲ್ಲ, ರಕ್ತ ಪರೀಕ್ಷೆ ಮಾಡಿಸಿದರೆ ಎಷ್ಟೋ ಸಲ ಕಬ್ಬಿಣಾಂಶ ಕಡಿಮೆ ಇರುತ್ತೆ. ಬೆಕ್ಕಿನಲ್ಲೂ ಹಾಗೇ. ಬೆಳೆದ ಬೆಕ್ಕು ಇದ್ದಕ್ಕಿದ್ದಂತೆ ಲಿಟರ್ ಮಣ್ಣು ನೆಕ್ಕೋಕೆ, ತಿನ್ನೋಕೆ ಶುರುಮಾಡಿದರೆ ಪಶುವೈದ್ಯರು ಮೊದಲು ಅನುಮಾನ ಪಡೋದು ರಕ್ತಹೀನತೆಯನ್ನು. 1996ರಲ್ಲಿ ಅಮೆರಿಕಾದಲ್ಲಿ ಉಂಡೆಗಟ್ಟುವ ಬೆಂಟೊನೈಟ್ ಲಿಟರನ್ನೇ ತಿಂದು ಒಂದು ಬೆಕ್ಕು ಕಾಯಿಲೆ ಬಿದ್ದ ಪ್ರಕರಣವೂ ವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ. ಬೆಕ್ಕನ್ನು ಮನೆಯೊಳಗೆ ತಂದ ಮಣ್ಣನ್ನೇ ಬೆಕ್ಕು ತಿಂದಿತ್ತು.

ಇಷ್ಟು ಹೊತ್ತು ಸ್ವೆಟರ್, ಮಣ್ಣು ಅಂತ ಮಾತಾಡಿದ್ವಿ. ಜೀವ ತೆಗೆಯುವ ಐಟಮ್ ಇವಕ್ಕಿಂತ ಸಣ್ಣದು: ಒಂದು ಗೇಣು ದಾರ.

ಬೆಕ್ಕಿನ ನಾಲಿಗೆ ನೆಕ್ಕಿಸಿಕೊಂಡವರಿಗೆ ಗೊತ್ತು, ಮರಳು ಕಾಗದದ ಹಾಗೆ ಒರಟು. ಅದರ ಮೇಲೆ ಗಂಟಲಿನ ಕಡೆಗೆ ಬಾಗಿರುವ ಸಣ್ಣ ಮುಳ್ಳುಗಳಿವೆ. ಅಮೆರಿಕಾದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಎಂಬ ಎಂಜಿನಿಯರುಗಳು 2018ರಲ್ಲಿ ಇದರ ವಿನ್ಯಾಸ ಬಿಡಿಸಿಟ್ಟರು. ಮುಳ್ಳಿನ ತುದಿಯಲ್ಲಿ ಪುಟ್ಟ ಚಮಚದಂಥ ಟೊಳ್ಳು. ಅದರಲ್ಲಿ ಜೊಲ್ಲು ತುಂಬಿಕೊಂಡು ತುಪ್ಪಳದ ಬುಡದವರೆಗೆ ತಲುಪಿಸುತ್ತೆ. ನೋಯೆಲ್‌ಗೆ ಈ ಕುತೂಹಲ ಹುಟ್ಟಿದ್ದು ಹೇಗೆ ಗೊತ್ತಾ? ಆಕೆಯ ಬೆಕ್ಕಿನ ನಾಲಿಗೆ ಒಂದು ಹೊದಿಕೆಗೆ ಸಿಕ್ಕಿಹಾಕಿಕೊಂಡದ್ದನ್ನು ನೋಡಿ. ಮೈ ಬಾಚಿಕೊಳ್ಳೋಕೆ ಇದಕ್ಕಿಂತ ಒಳ್ಳೆ ಬಾಚಣಿಗೆ ಇಲ್ಲ. ಆದರೆ ಮುಳ್ಳೆಲ್ಲ ಒಳಮುಖವಾಗಿ ಇರೋದರಿಂದ ದಾರದ ತುದಿ ಒಮ್ಮೆ ಸಿಕ್ಕಿತು ಅಂದರೆ ಉಗುಳೋದು ಕಷ್ಟ. ನುಂಗುತ್ತಾ ಹೋಗೋದೊಂದೇ ದಾರಿ.

ಒಳಗೆ ಹೋದ ಮೇಲೆ ಏನಾಗುತ್ತೆ ಅಂತ ಹೇಳೋಕೆ ಲಂಗದ ಲಾಡಿಗಿಂತ ಒಳ್ಳೆ ಉದಾಹರಣೆ ಇಲ್ಲ. ಲಾಡಿ ಬಿಗಿಹಿಡಿದು ಬಟ್ಟೆ ತಳ್ಳಿದರೆ ನೆರಿಗೆ ನೆರಿಗೆಯಾಗಿ ಒಂದು ಕಡೆ ಸೇರುತ್ತಲ್ಲ? ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಳ್ಳುತ್ತೆ. ಉಳಿದದ್ದು ಕರುಳಿಗೆ ಇಳಿಯುತ್ತೆ. ಕರುಳು ತನ್ನ ಕೆಲಸ ತಾನು ಮಾಡುತ್ತಾ ಮುಂದಕ್ಕೆ ತಳ್ಳುತ್ತಲೇ ಇರುತ್ತೆ. ದಾರ ಬರಲ್ಲ, ಕರುಳೇ ದಾರದ ಮೇಲೆ ನೆರಿಗೆಗಟ್ಟುತ್ತೆ. ಆಮೇಲೆ ಬಿಗಿಯಾದ ದಾರ ಗರಗಸದ ಹಾಗೆ ಒಳಗೋಡೆಯನ್ನು ಕೊಯ್ಯೋಕೆ ಶುರುಮಾಡುತ್ತೆ. ಅದಕ್ಕೇ, ಬೆಕ್ಕಿನ ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಜೋತಾಡ್ತಿದ್ದರೆ ಎಳೆಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡವೇ ಬೇಡ. ದಾರ ಇದ್ದ ಹಾಗೇ ಬಿಟ್ಟು ನೇರ ಪಶುವೈದ್ಯರ ಹತ್ತಿರ ಹೋಗಿ. ದಾರ ಕಾಣದೆಯೂ ಮತ್ತೆ ಮತ್ತೆ ವಾಂತಿ, ಊಟ ಬಿಡೋದು, ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬರದಿರೋದು ಕಂಡರೆ 'ನಾಳೆ ನೋಡೋಣ' ಅನ್ನಬೇಡಿ. ನಮ್ಮ ಮನೆಗಳಲ್ಲಿ ದಾರಕ್ಕೇನು ಬರ? ದೇವರ ಫೋಟೋದಿಂದ ತೆಗೆದ ಬಾಡಿದ ಹೂವಿನ ದಾರ, ಸೂಜಿ ಸಮೇತ ಬಿಟ್ಟ ನೂಲು, ಉಡುದಾರ, ಗಾಳಿಪಟದ ದಾರ, ಸ್ವೀಟ್ ಬಾಕ್ಸಿಗೆ ಕಟ್ಟಿ ಬಂದ ದಾರ.

ಹಾಗಾದರೆ ಬಾಗಿಲು ತೆಗೆದುಬಿಡೋದಾ? ಒಂಬತ್ತನೇ ಫ್ಲೋರಿನಲ್ಲಿ ಬಾಗಿಲು ತೆಗೆದರೆ ಬೆಕ್ಕಿಗೆ ಸಿಗೋದು ಹುಲ್ಲಿನ ಮೆದೆ ಅಲ್ಲ. 1987ರಲ್ಲಿ ನ್ಯೂಯಾರ್ಕಿನ ಒಂದು ಪ್ರಾಣಿ ಆಸ್ಪತ್ರೆಯ ಇಬ್ಬರು ವೈದ್ಯರು, ಐದೇ ತಿಂಗಳಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದು ತಮ್ಮಲ್ಲಿಗೆ ಬಂದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಅವುಗಳಲ್ಲಿ ಸುಮಾರು 90% ಬದುಕಿದವು ಅಂತ ಜನ ಬೆರಗಾದರು. ಆದರೆ ಅದು ಆಸ್ಪತ್ರೆ ತನಕ ಬಂದವುಗಳ ಲೆಕ್ಕ ಮಾತ್ರ. ಕೆಳಗೆ ಕಾರು, ನಾಯಿಗಳು. ಮೇಲೆ ಹಕ್ಕಿಗಳ ಪಾಡೂ ಇದೆ. ಬಾಗಿಲು ಹಾಕಿದ್ದು ತಪ್ಪಲ್ಲ. ಹಾಕಿದ ಮೇಲೆ ಕೆಲಸ ಮುಗೀತು ಅಂದುಕೊಳ್ಳೋದು ತಪ್ಪು.

ಏನು ಬದಲಾಯ್ತು ಅಂತ ಕೇಳಿದ್ವಿ. ಒಂದಲ್ಲ, ನಾಲ್ಕೈದು ಒಟ್ಟಿಗೇ ಬದಲಾದವು: ಊಟ, ಬೇಟೆ, ತಳಿ, ತಾಯಿ, ಬಾಗಿಲು. ಎಲ್ಲಾ ನಮ್ಮ ಕೈಯಿಂದ ಆದವು. ಹಾಗಾಗಿ ಸರಿಪಡಿಸುವ ಪಟ್ಟಿಯೂ ಉದ್ದ ಇದೆ, ಆದರೆ ಯಾವುದೂ ದುಬಾರಿ ಅಲ್ಲ. ಮರಿ ತರುವುದಾದರೆ ಹನ್ನೆರಡು ವಾರ ತಾಯಿ ಹತ್ತಿರ ಇರೋಕೆ ಬಿಡಿ. ಎರಡು ಹೊತ್ತು ರಾಶಿ ಸುರಿಯುವ ಬದಲು ಅದೇ ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ ಮನೆಯ ನಾಲ್ಕು ಕಡೆ ಬಚ್ಚಿಡಿ, ಹುಡುಕಿ ತಿನ್ನಲಿ. ದಿನಕ್ಕೆ ಎರಡು ಸಲ ಹತ್ತು ನಿಮಿಷ, ಕೋಲಿಗೆ ಕಟ್ಟಿದ ಗರಿ ಹಿಡಿದು ಬೇಟೆ ಆಡಿಸಿ. ಆಡಿಸಿದ ಮೇಲೆ ಆ ಕೋಲನ್ನೂ ಕಪಾಟಿನಲ್ಲಿಡಿ, ಅದಕ್ಕೂ ದಾರ ಇದೆ. ತಿನ್ನಬಾರದ್ದನ್ನು ತಿನ್ನೋಕೆ ಶುರುಮಾಡಿದರೆ ವಿಡಿಯೋ ಮಾಡಿ ನಗೋದಕ್ಕಿಂತ ಮುಂಚೆ ರಕ್ತ, ಹೊಟ್ಟೆ ಎರಡೂ ಪರೀಕ್ಷೆ ಮಾಡಿಸಿ.

ಊರಿನಲ್ಲಿ ಬೆಕ್ಕು ಸುಮ್ಮನೆ ಇರುತ್ತಿತ್ತು, ಅದು ಏನು ತಿಂದರೂ ಅದರ ಪಾಡು. ಫ್ಲಾಟಿನಲ್ಲಿ ಅದನ್ನು ನಾವು ಸಾಕ್ತಾ ಇದ್ದೀವಿ. ಅದರ ಬಾಯಿಗೆ ಸಿಗುವ ಪ್ರತಿಯೊಂದನ್ನೂ ಮನೆಯೊಳಗೆ ತಂದವರು ನಾವೇ. ಇವತ್ತು ರಾತ್ರಿ ಲೈಟ್ ಆರಿಸೋ ಮುಂಚೆ ಒಂದು ಸಲ ನೆಲ ನೋಡಿ. ರಬ್ಬರ್ ಬ್ಯಾಂಡು, ಹೂವಿನ ದಾರ, ಕಿತ್ತಿಟ್ಟ ಲೇಸು ಏನಿದ್ದರೂ ಎತ್ತಿ ಮುಚ್ಚಳ ಇರುವ ಡಬ್ಬಿಗೆ ಹಾಕಿ. ಆಮೇಲೆ ಮಲಗಿ.